ಚಳಿಗಾಲದ ನಂದಿಬೆಟ್ಟದಲ್ಲಿ ಹಾಡುಹಕ್ಕಿ: ಹುಡುಕೋದು ಹೇಗೆ, ಫೋಟೊ ತೆಗೆಯೋದು ಹೇಗೆ

ನವೆಂಬರ್ ಕೊನೆಗೆ ಚಿಕ್ಕಬಳ್ಳಾಪುರದ ಸಂತೆಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಆ ಹೊತ್ತಿಗೆ ನಂದಿಬೆಟ್ಟದ ಮರಗಳಲ್ಲಿ ಹಿಮಾಲಯದ ಕಡೆಯಿಂದ ಬಂದ ಪುಟ್ಟ ಹಕ್ಕಿಗಳು ಆಗಲೇ ಬಿಡಾರ ಹೂಡಿರುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದವು ಮಾರ್ಚ್, ಏಪ್ರಿಲ್‌ವರೆಗೂ ನಮ್ಮ ಕಡೆಯೇ ಇರುತ್ತವೆ. ಬೆಟ್ಟಕ್ಕೆ ಬರುವ ಜನ ಸೂರ್ಯ ಹುಟ್ಟೋದು ನೋಡಿ, ಮೋಡದ ಜೊತೆ ಒಂದು ಸೆಲ್ಫಿ ತೆಗೆದು, ಇಳಿದು ಹೋಗುತ್ತಾರೆ. ಅವರ ತಲೆ ಮೇಲಿನ ಕೊಂಬೆಯಲ್ಲೇ ಸಾವಿರಾರು ಕಿಲೋಮೀಟರ್ ಹಾರಿ ಬಂದ ಒಂದು ಹಕ್ಕಿ ಹುಳ ಹಿಡಿಯುತ್ತಾ ಕೂತಿರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆ ಬರೆದಿರೋದೆಲ್ಲ ಇದರ ಮೇಲೇ ನಿಂತಿದೆ. ಹಕ್ಕಿ ಹಿಂದೆ ಓಡಬೇಡಿ. ಚಳಿಗಾಲಕ್ಕೆ ಬರುವ ಎಷ್ಟೋ ಹಾಡುಹಕ್ಕಿಗಳು ಒಂದು ಮರವನ್ನೋ, ಒಂದು ಪೊದೆಯನ್ನೋ ತಮ್ಮದು ಅಂತ ಹಿಡಿದುಕೊಂಡು, ಅಲ್ಲಿಗೆ ಬಂದ ತಮ್ಮದೇ ಜಾತಿಯವರನ್ನು ಓಡಿಸಿ, ತಿಂಗಳುಗಟ್ಟಲೆ ಅಲ್ಲೇ ಮೇಯುತ್ತವೆ. ಕೆಲವು ಮುಂದಿನ ವರ್ಷವೂ ಅದೇ ಜಾಗಕ್ಕೆ ವಾಪಸ್ ಬರುತ್ತವೆ. ಅಂದರೆ ಚಳಿಗಾಲದ ಹಕ್ಕಿಗೆ ಒಂದು ವಿಳಾಸ ಇರುತ್ತದೆ. ಆ ವಿಳಾಸ ಕಂಡುಹಿಡಿಯೋದೇ ನಿಮ್ಮ ಮುಖ್ಯ ಕೆಲಸ. ಫೋಟೊ ಆಮೇಲೆ ತಾನಾಗಿ ಬರುತ್ತದೆ.

ನಂದಿಯೇ ಯಾಕೆ, ಯಾವಾಗ ಹೋಗಬೇಕು

ನಮ್ಮ ಜಿಲ್ಲೆ ಬಯಲುಸೀಮೆ. ಬಂಡೆ, ಕುರುಚಲು, ರಾಗಿ ಹೊಲ, ದ್ರಾಕ್ಷಿ ತೋಟ, ನೀಲಗಿರಿ ತೋಪು. ಇವುಗಳ ನಡುವೆ ನಂದಿ 1478 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಮೋಡ ಬಂದು ತಗುಲಿಕೊಳ್ಳುವುದರಿಂದ ತುದಿಯಲ್ಲಿ ತೇವ ಜಾಸ್ತಿ. ಮರಗಳ ಮೇಲೆ ಪಾಚಿ, ಕೆಳಗೆ ತರಗೆಲೆಯ ಹಾಸು, ಮಧ್ಯಾಹ್ನವೂ ನೆರಳು. ಪಶ್ಚಿಮ ಘಟ್ಟಕ್ಕೆ ಹೋಗುವಂಥ ಹಕ್ಕಿಗಳು ಇಲ್ಲೂ ಉಳಿಯೋದು ಇದಕ್ಕೇ. ಬೆಟ್ಟದ ಮೈಯಲ್ಲಿ ಮಾತ್ರ ಒಣ ಬಂಡೆ, ಲಂಟಾನ ಪೊದೆ. ಅಲ್ಲಿಯ ಹಕ್ಕಿಗಳೇ ಬೇರೆ. ಒಂದೇ ಬೆಟ್ಟದಲ್ಲಿ ಎರಡು ಲೋಕ ಸಿಗುತ್ತದೆ, ಅಲ್ವಾ?

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆ ಸಮಯ. ಶನಿವಾರ, ಭಾನುವಾರ ಬೇಡ. ಹೊಸವರ್ಷದ ಸುತ್ತಮುತ್ತ ಬೇಡವೇ ಬೇಡ. ಮಂಗಳವಾರ, ಬುಧವಾರ ಒಂದು ರಜೆ ಹಾಕಿ ಹೋದರೆ ಬೆಟ್ಟ ನಿಮ್ಮದೇ. ಗೇಟು ತೆರೆಯುವ ಸಮಯ, ವಾಹನ ಬಿಡುವ ನಿಯಮ ಆಗಾಗ ಬದಲಾಗುತ್ತವೆ. ಹಿಂದಿನ ದಿನ ವಿಚಾರಿಸಿಕೊಳ್ಳಿ. ಈ ಎರಡು ತಿಂಗಳಲ್ಲಿ ಸೂರ್ಯ ಹುಟ್ಟೋದು ಸುಮಾರು ಆರೂವರೆ, ಆರೂಮುಕ್ಕಾಲಿಗೆ. ಆ ಹೊತ್ತಿಗೆ ನೀವು ಮೇಲಿರಬೇಕು.

ಹೊರಡುವ ಹದಿನೈದು ದಿನ ಮೊದಲು: ಕಿವಿಗೆ ಪಾಠ

ಹೊಸಬರು ಇಲ್ಲೇ ಎಡವುತ್ತಾರೆ. ಲೆನ್ಸಿಗೆ ಲಕ್ಷ ಸುರಿಯುತ್ತಾರೆ, ಕಿವಿಗೆ ಒಂದು ಗಂಟೆಯನ್ನೂ ಕೊಡುವುದಿಲ್ಲ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಪೂರ್ತಿ ಹಾಡು ಹಾಡೋದು ಕಡಿಮೆ. ಹಾಡು ಇರೋದು ಹೆಚ್ಚಾಗಿ ಗೂಡು ಕಟ್ಟುವ ಕಾಲಕ್ಕೆ. ಇಲ್ಲಿ ಅವು ಒಂದೆರಡು ಅಕ್ಷರದ ಕೂಗು ಮಾತ್ರ ಹಾಕುತ್ತವೆ. ಆದರೆ ಆ ಕೂಗು ಸಾಕು, ಯಾಕೆಂದರೆ ಜಾಗ ನನ್ನದು ಅಂತ ಸಾರೋಕೆ ಅವು ದಿನವಿಡೀ ಅದನ್ನೇ ಕೂಗುತ್ತಿರುತ್ತವೆ.

ಆರೇ ಆರು ಕೂಗು ಕಲಿಯಿರಿ. ಗ್ರೀನಿಶ್ ವಾರ್ಬ್ಲರ್ ಅಂತ ಒಂದು ಹಸಿರು ಉಲಿಯಕ್ಕಿ ಇದೆ. ಎಲೆ ಮರೆಯಿಂದ 'ಚಿಸ್-ವೀ' ಅಂತ ಒಂದು ತುಂಡು ಕೂಗು ಬರುತ್ತಲೇ ಇರುತ್ತದೆ. ಪೊದೆಯ ಒಳಗಿಂದ ಎರಡು ಬೆಣಚುಕಲ್ಲು ಕುಟ್ಟಿದ ಹಾಗೆ 'ಟಕ್, ಟಕ್' ಅಂದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಹಳೇ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ 'ಟ್ರ್‌ರ್‌ರ್' ಅಂದರೆ ಕೆಂಪು ಎದೆಯ ಪುಟ್ಟ ನೊಣಹಿಡುಕ. ಅದು ಬಾಲ ಎತ್ತಿ ಎತ್ತಿ ಇಳಿಸುತ್ತದೆ, ಅಲ್ಲೇ ಗುರುತು ಸಿಗುತ್ತದೆ. ರಾಜಹಕ್ಕಿಯ (ಪ್ಯಾರಡೈಸ್ ಫ್ಲೈಕ್ಯಾಚರ್) ಕೂಗು ಅದರ ಚಂದಕ್ಕೆ ಹೊಂದದಷ್ಟು ಒರಟು, 'ಚ್ವೇ' ಅಂತ. ಕಣ್ಣ ಸುತ್ತ ಬಿಳಿ ಬಳೆಯಿರುವ ಬೆಳ್ಗಣ್ಣಗಳು ಗುಂಪಲ್ಲಿ ಸಣ್ಣ ಗೆಜ್ಜೆ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತಾ ಹೋಗುತ್ತವೆ. ಇನ್ನು ಟಿಕೆಲ್ಸ್ ನೀಲಿ ನೊಣಹಿಡುಕ ಊರಿನ ಹಕ್ಕಿಯೇ, ವಲಸೆಯದಲ್ಲ. ಅದು ಚಳಿಯಲ್ಲೂ ನಿಜವಾಗಿ ಹಾಡುತ್ತದೆ. ಸಣ್ಣ ದನಿಯಲ್ಲಿ ಮಣಿ ಉದುರಿಸಿದ ಹಾಗೆ ಐದಾರು ಸ್ವರ ಬಿದ್ದು, ನಿಂತು, ಮತ್ತೆ ಬೀಳುತ್ತದೆ.

ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ದುಡ್ಡು ಬೇಡ. ಭಾರತದ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಡೌನ್‌ಲೋಡ್ ಮಾಡಿ, ಬೆಟ್ಟದಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ. ಕೂಗು ಕೇಳಿ ಅದು ಹೆಸರು ಹೇಳುತ್ತದೆ. ಅದನ್ನು ಸುಳಿವು ಅಂತ ಮಾತ್ರ ತಗೊಳ್ಳಿ. ಕಣ್ಣಲ್ಲಿ ನೋಡಿದ ಮೇಲೆಯೇ ಹೆಸರು ಬರೆಯಿರಿ. ಇ-ಬರ್ಡ್‌ನಲ್ಲಿ (ಹಕ್ಕಿ ನೋಡುವವರು ತಾವು ಕಂಡದ್ದನ್ನು ಬರೆದಿಡುವ ಜಾಲತಾಣ) ನಂದಿಬೆಟ್ಟದ ಹಿಂದಿನ ವರ್ಷಗಳ ಪಟ್ಟಿ ತೆಗೆದು ನೋಡಿದರೆ ಯಾವ ತಿಂಗಳಲ್ಲಿ ಯಾವ ಹಕ್ಕಿ ಕಂಡಿದೆ ಅಂತ ತಿಳಿಯುತ್ತದೆ.

ಚೀಲದಲ್ಲಿ ಏನಿರಬೇಕು

ಬೈನಾಕ್ಯುಲರ್ ಕ್ಯಾಮೆರಾಗಿಂತ ಮುಖ್ಯ. 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಗಾಜಿನದು) ಸಾಕು. ಕ್ಯಾಮೆರಾಗೆ 400 ಮಿಲಿಮೀಟರ್‌ವರೆಗೆ ಎಟುಕುವ ಲೆನ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉದ್ದ ಝೂಮ್ ಇರುವ ಬ್ರಿಡ್ಜ್ ಕ್ಯಾಮೆರಾದಲ್ಲೂ (ಲೆನ್ಸ್ ಬಿಚ್ಚೋಕಾಗದ ಕ್ಯಾಮೆರಾ) ಚೆನ್ನಾಗಿ ಬರುತ್ತದೆ. ಟ್ರೈಪಾಡ್ ಹೊತ್ತು ತರಬೇಡಿ, ಕಾಲುದಾರಿಯಲ್ಲಿ ತೊಡಕು. ಒಂಟಿ ಕಾಲಿನ ಮೊನೊಪಾಡ್ ಇದ್ದರೆ ಸರಿ. ನಾನು ದಪ್ಪ ಬಟ್ಟೆಯ ಸಣ್ಣ ಚೀಲ ಹೊಲಿಸಿ ಅದಕ್ಕೆ ಎರಡು ಕೆಜಿ ರಾಗಿ ತುಂಬಿಸಿಟ್ಟುಕೊಂಡಿದ್ದೇನೆ. ಕೋಟೆ ಗೋಡೆ ಮೇಲೆ, ಬಂಡೆ ಮೇಲೆ ಇಟ್ಟು ಲೆನ್ಸ್ ಅದರ ಮೇಲಿಟ್ಟರೆ ಅಲ್ಲಾಡೋದೇ ಇಲ್ಲ. ಹೊಲಿಗೆ ಮಾತ್ರ ಎರಡು ಸಾಲು ಹಾಕಿಸಿ.

ಬಟ್ಟೆ ಮಣ್ಣಿನ ಬಣ್ಣದ್ದು, ಎಲೆ ಬಣ್ಣದ್ದು ಇರಲಿ. ಸರಸರ ಸದ್ದು ಮಾಡುವ ಜರ್ಕಿನ್ ಬೇಡ, ಉಣ್ಣೆ ಸ್ವೆಟರ್ ಸಾಕು. ಮಂಜಲ್ಲಿ ಲೆನ್ಸ್ ಮೇಲೆ ಹನಿ ಕೂರುತ್ತದೆ, ಒರೆಸೋಕೆ ಎರಡು ಒಣ ಬಟ್ಟೆ ಇಟ್ಟುಕೊಳ್ಳಿ. ಕಾರಲ್ಲಿ ಹೀಟರ್ ಹಾಕಿಕೊಂಡು ಬಂದಿದ್ದರೆ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮುಂಚೆ ಚೀಲದಲ್ಲೇ ಹದಿನೈದು ನಿಮಿಷ ಹೊರಗಿನ ಗಾಳಿಗೆ ಬಿಡಿ. ಸಂಜೆ ಬೆಚ್ಚಗಿನ ಮನೆಗೆ ಹೋದಾಗ ಚೀಲ ತಕ್ಷಣ ತೆರೆಯಬೇಡಿ, ತಣ್ಣಗಿರುವ ಗಾಜಿನ ಮೇಲೆ ಹಬೆ ಕಟ್ಟೋದು ಹೆಚ್ಚು ಆಗಲೇ. ಇನ್ನೊಂದು: ಕೋತಿಗಳು. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಕಂಡರೆ ಬಿಡುವುದಿಲ್ಲ. ತಿಂಡಿ ಜಿಪ್ ಚೀಲದ ತಳದಲ್ಲಿರಲಿ.

ಬೆಟ್ಟದ ಮೇಲೆ ಮೊದಲ ಎರಡು ಗಂಟೆ

ಗೇಟು ದಾಟಿದ ಕೂಡಲೇ ಜನ ಎಲ್ಲ ಒಂದೇ ಕಡೆ ಹೋಗುತ್ತಾರೆ, ಸೂರ್ಯ ಹುಟ್ಟುವ ಕಡೆಗೆ. ನೀವು ಆ ಕಡೆ ಬೆನ್ನು ಹಾಕಿ. ಅಮೃತ ಸರೋವರದ ಸುತ್ತ, ತೋಟಗಾರಿಕೆ ಇಲಾಖೆಯ ಗಿಡಗಳಿರುವ ಕಡೆ, ನೆಹರು ನಿಲಯದ ಹತ್ತಿರದ ದೊಡ್ಡ ಮರಗಳ ಕೆಳಗೆ, ಎಲ್ಲಿ ನೆರಳು ದಟ್ಟವಾಗಿದೆಯೋ ಅಲ್ಲಿ ಒಂದು ಸಲ ನಿಧಾನಕ್ಕೆ ಸುತ್ತಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಈ ಮೊದಲ ಸುತ್ತು ಕಿವಿಗೆ, ಮತ್ತೆ ಬೈನಾಕ್ಯುಲರ್‌ಗೆ. ಇಪ್ಪತ್ತು ಹೆಜ್ಜೆಗೆ ಒಂದು ಸಲ ನಿಂತು ಎರಡು ನಿಮಿಷ ಸುಮ್ನೆ ಕೇಳಿ. ಕೂಗು ಬಂದ ಮರವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ: 'ಕಲ್ಲುಬೆಂಚಿನ ಎಡಕ್ಕೆ ಎರಡನೇ ಮರ, ಚಿಸ್-ವೀ' ಅಂತ ಬರೆದರೂ ಸಾಕು.

ನೋಡುವಾಗ ಮರವನ್ನು ಮೂರು ಅಂತಸ್ತಿನ ಮನೆ ಅಂದುಕೊಳ್ಳಿ. ಮಹಡಿ ಮೇಲೆ, ಬಿಸಿಲು ಬೀಳುವ ಒಣ ಕೊಂಬೆಯ ತುದಿಯಲ್ಲಿ ವರ್ಡಿಟರ್ ಫ್ಲೈಕ್ಯಾಚರ್ ಕೂರುತ್ತದೆ. ಮೈಯೆಲ್ಲ ಹಸಿರು ಬೆರೆತ ನೀಲಿ, ಕಣ್ಣ ಹತ್ತಿರ ಒಂದು ಕಪ್ಪು ಮಚ್ಚೆ. ಹಾರಿ ಹುಳ ಹಿಡಿದು ಅದೇ ಕೊಂಬೆಗೆ ವಾಪಸ್ ಬರುತ್ತದೆ. ಬೂದು ಕಾಜಾಣವೂ ಅಲ್ಲೇ. ನಡು ಅಂತಸ್ತಿನ ನೆರಳಲ್ಲಿ ಬಂಡೆ ಸಿಳ್ಳಾರ ಸಿಗಬಹುದು, ನೀಲಿ ಟೋಪಿಯದು. ಗಂಡಿಗೆ ನೀಲಿ ತಲೆ, ಕಿತ್ತಳೆ ಹೊಟ್ಟೆ, ರೆಕ್ಕೆಯಲ್ಲಿ ಬಿಳಿ ತೇಪೆ. ಇಷ್ಟು ಬಣ್ಣ ಇದ್ದೂ ಎಷ್ಟು ಅಲುಗದೆ ಕೂರುತ್ತದೆ ಅಂದರೆ ಅದರ ಕೆಳಗೇ ಜನ ನಡೆದು ಹೋದರೂ ಕಾಣುವುದಿಲ್ಲ. ನೆಲದ ಅಂತಸ್ತು ನನಗೆ ಎಲ್ಲಕ್ಕಿಂತ ಇಷ್ಟ. ತರಗೆಲೆ ಯಾರೋ ಮಗುಚಿದ ಹಾಗೆ ಸದ್ದು ಬಂದರೆ ನಿಂತುಬಿಡಿ. ಕಿತ್ತಳೆ ತಲೆಯ ನೆಲಸಿಳ್ಳಾರ ಇರಬಹುದು, ಮಚ್ಚೆ ಎದೆಯ ಹರಟೆಮಲ್ಲ ಇರಬಹುದು. ಬೇಲಿ ಬುಡದ ಕತ್ತಲಲ್ಲಿ ಬಾಲ ನಡುಗಿಸುತ್ತಾ ಕುಪ್ಪಳಿಸಿದರೆ ಅದು ಇಂಡಿಯನ್ ಬ್ಲೂ ರಾಬಿನ್. ಹಿಮಾಲಯದಲ್ಲಿ ಮರಿ ಮಾಡಿ ಚಳಿಗೆ ಪಶ್ಚಿಮ ಘಟ್ಟ, ಶ್ರೀಲಂಕಾದವರೆಗೆ ಇಳಿಯುವ ಹಕ್ಕಿ ಅದು.

ಅರ್ಧ ಗಂಟೆ ಏನೂ ಇಲ್ಲ, ಆಮೇಲೆ ಒಂದೇ ಸಲ ಮರದ ತುಂಬ ಹಕ್ಕಿ. ಹೀಗೆ ಆಗುತ್ತಿರುತ್ತದೆ. ಗಾಬರಿ ಬೇಡ. ಬೆಳ್ಗಣ್ಣ, ಟಿಟ್, ಚಿತ್ರಪಕ್ಷಿ, ಉಲಿಯಕ್ಕಿ, ನೊಣಹಿಡುಕ ಎಲ್ಲ ಸೇರಿ ಒಂದು ದಂಡು ಕಟ್ಟಿಕೊಂಡು ಮೇಯುತ್ತಾ ಸಾಗುತ್ತವೆ. ಹೆಚ್ಚು ಕಣ್ಣಿದ್ದರೆ ಗಿಡುಗ ಬಂದಾಗ ಬೇಗ ತಿಳಿಯುತ್ತದೆ, ಒಬ್ಬರು ಎಬ್ಬಿಸಿದ ಹುಳ ಇನ್ನೊಬ್ಬರಿಗೆ ಸಿಗುತ್ತದೆ. ದಂಡು ಹೋಗುವ ದಿಕ್ಕು ನೋಡಿ, ಅದರ ಹಿಂದೆ ಹೋಗದೆ, ದೂರದಿಂದ ಬಳಸಿಕೊಂಡು ಹೋಗಿ ಮುಂದಿನ ಮರದ ಹತ್ತಿರ ನಿಲ್ಲಿ. ನಿಮ್ಮ ತಲೆ ಮೇಲೆಯೇ ಹಾದು ಹೋಗುತ್ತದೆ.

ಕಾಯೋದು

ಎಂಟು, ಎಂಟೂವರೆಗೆ ಪುಸ್ತಕ ತೆಗೆದು ನೋಡಿ. ನಾಲ್ಕೈದು ವಿಳಾಸ ಸಿಕ್ಕಿರುತ್ತವೆ. ಅದರಲ್ಲಿ ಒಂದನ್ನು ಆರಿಸಿ, ಒಂದೇ ಒಂದನ್ನು. ಆರಿಸುವಾಗ ಮೂರು ವಿಷಯ ನೋಡಿ: ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಬರಬೇಕು, ಹಕ್ಕಿ ಕೂರುವ ಕೊಂಬೆಯ ಹಿಂದೆ ಆಕಾಶ ಇರದೆ ದೂರದ ಹಸಿರು ಇರಬೇಕು, ನೀವು ಒರಗಿ ಕೂರೋಕೆ ಒಂದು ಮರವೋ ಗೋಡೆಯೋ ಇರಬೇಕು. ಒರಗಿ ಕೂತರೆ ಮನುಷ್ಯನ ಆಕಾರ ಒಡೆಯುತ್ತದೆ. ನಿಂತ ಮನುಷ್ಯನನ್ನು ಕಂಡರೆ ಹಕ್ಕಿಗೆ ಭಯ, ಕೂತವನ ಮೇಲೆ ಅಷ್ಟಿಲ್ಲ.

ಮೊದಲ ಹತ್ತು ನಿಮಿಷ ಹಕ್ಕಿ ಬರುವುದಿಲ್ಲ. ನೀವು ಬಂದಿದ್ದು ಅದಕ್ಕೆ ಗೊತ್ತು. ಇಪ್ಪತ್ತು ನಿಮಿಷಕ್ಕೆ ಕೂಗು ಮತ್ತೆ ಶುರುವಾಗುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಎತ್ತಿ ಮೊದಲೇ ಸಿದ್ಧವಾಗಿರಿ, ಹಕ್ಕಿ ಬಂದ ಮೇಲೆ ಎತ್ತಿದರೆ ಹಾರಿಹೋಗುತ್ತದೆ. ಒಂದು ಜನವರಿಯಲ್ಲಿ ಬ್ಲೂ ರಾಬಿನ್‌ಗೋಸ್ಕರ ಒಂದೇ ಬೇಲಿಯ ಮುಂದೆ ಮೂರು ಬೆಳಗ್ಗೆ ಕೂತೆ. ಮೊದಲ ದಿನ ಬಾಲ ಮಾತ್ರ ಕಂಡಿತು. ಎರಡನೇ ದಿನ ಒಂದು ಮಸುಕು ಫೋಟೊ. ಮೂರನೇ ದಿನ ಅದು ಒಂಬತ್ತು ಗಂಟೆ ಸುಮಾರಿಗೆ ತಾನೇ ಬಯಲಿಗೆ ಬಂದು, ನನ್ನ ಶೂಗಳಿಂದ ನಾಲ್ಕು ಮಾರು ದೂರದಲ್ಲಿ ಎಲೆ ಮಗುಚುತ್ತಾ ಓಡಾಡಿತು. ಕೈ ನಡುಗುತ್ತಿತ್ತು, ಚಳಿಗಲ್ಲ.

ಸೆಟ್ಟಿಂಗ್

ಮೋಡು ಮ್ಯಾನುಯಲ್, ಐಎಸ್‌ಒ ಆಟೋ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಅಳತೆ ಇದು). ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಲೆನ್ಸ್ ಎಷ್ಟು ಬಿಡುತ್ತದೋ ಅಷ್ಟು ತೆರೆದಿಡಿ, ಎಫ್ 5.6 ಅಥವಾ 6.3. ಬಿಸಿಲಲ್ಲಿ ಕೂತ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/1000, ಹಾರುವಾಗ 1/2000 ಬೇಕು. ನೆರಳಿನ ನೆಲಹಕ್ಕಿಗೆ ಅದೆಲ್ಲ ಆಗುವುದಿಲ್ಲ. 1/250ಕ್ಕೆ ಇಳಿಸಿ, ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇದ್ದರೆ 1/125ಕ್ಕೂ ಇಳಿಸಿ, ಹಕ್ಕಿ ಅಲುಗಾಡದೆ ನಿಂತ ಗಳಿಗೆಯಲ್ಲೇ ಒತ್ತಿ. ಅವು ಓಡುತ್ತವೆ, ನಿಲ್ಲುತ್ತವೆ, ತಲೆ ವಾಲಿಸಿ ನೋಡುತ್ತವೆ. ಆ ನಿಲ್ಲುವ ಅರ್ಧ ಸೆಕೆಂಡ್ ನಿಮ್ಮದು. ಐಎಸ್‌ಒ 3200, 6400 ಹೋದರೂ ಹೆದರಬೇಡಿ. ಕಾಳು ಕಾಳಾದ ಫೋಟೊವನ್ನು ಆಮೇಲೆ ಸರಿ ಮಾಡಬಹುದು, ಅಲುಗಿದ ಫೋಟೊವನ್ನು ಯಾರೂ ಸರಿ ಮಾಡೋಕಾಗಲ್ಲ.

ಮಂಜು ಕವಿದಾಗ, ಹಕ್ಕಿಯ ಹಿಂದೆ ಬೆಳ್ಳಗೆ ಆಕಾಶ ಇದ್ದಾಗ ಕ್ಯಾಮೆರಾ ಮೋಸ ಹೋಗಿ ಹಕ್ಕಿಯನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಏರಿಸಿ, ಸಾಲದಿದ್ದರೆ ಇನ್ನೂ ಸ್ವಲ್ಪ. ಫೋಕಸ್ ಒಂದೇ ಚುಕ್ಕೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಿನ ಎಲೆಗೆ ಹೋಗಿ ಕೂರುತ್ತದೆ. ಹಕ್ಕಿಯ ಕಣ್ಣು ಹಿಡಿಯುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಬಯಲಲ್ಲಿ ಬಳಸಿ, ಪೊದೆಯೊಳಗೆ ಅದನ್ನು ಪೂರ್ತಿ ನಂಬಬೇಡಿ. ಆಮೇಲೆ ತಿದ್ದೋಕೆ ಅನುಕೂಲವಾಗುವ ರಾ ಫೈಲ್‌ನಲ್ಲಿ ತೆಗೆಯಿರಿ. ನೆಲಹಕ್ಕಿಗೆ ನೀವೂ ನೆಲಕ್ಕೆ ಇಳಿಯಿರಿ, ಬಟ್ಟೆ ಮಣ್ಣಾಗಲಿ. ಮೇಲಿಂದ ತೆಗೆದ ಫೋಟೊದಲ್ಲಿ ಹಕ್ಕಿಯ ಬೆನ್ನು ಮಾತ್ರ ಇರುತ್ತದೆ, ಅದರ ಕಣ್ಣಿನ ಮಟ್ಟದಿಂದ ತೆಗೆದರೆ ಅದರ ಲೋಕವೇ ಕಾಣುತ್ತದೆ.

ಹಳದಿ ಕೊರಳಿನ ಪಿಕಳಾರ

ಇದಕ್ಕೆ ಬೇರೆ ಬೆಳಗು ಬೇಕು. ಇದು ವಲಸೆ ಹಕ್ಕಿಯಲ್ಲ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಂದಿ, ತುಮಕೂರಿನ ದೇವರಾಯನದುರ್ಗದಂಥ ಬೆಟ್ಟಗಳೇ ಇದರ ಮನೆ. ಅಳಿವಿನ ಅಂಚಿಗೆ ಸರಿಯುತ್ತಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿ ಇದರ ಹೆಸರಿದೆ. ಕಾರಣ ನಮ್ಮ ಕಣ್ಣ ಮುಂದೆಯೇ ಇದೆ. ಗುಡ್ಡಗಳನ್ನು ಕಲ್ಲಿಗಾಗಿ ಒಡೆಯುತ್ತಿದ್ದೇವೆ, ಕುರುಚಲಿಗೆ ಬೆಂಕಿ ಬೀಳುತ್ತಿದೆ. ಎಷ್ಟೋ ದೂರದಿಂದ ಜನ ಇದನ್ನು ನೋಡೋಕೆ ನಮ್ಮ ಊರಿಗೆ ಬರುತ್ತಾರೆ. ನಮ್ಮವರಲ್ಲೇ ಎಷ್ಟೋ ಮಂದಿ ಹೆಸರೂ ಕೇಳಿಲ್ಲ.

ಬೆಟ್ಟದ ತುದಿಯಲ್ಲಿ ಅಲ್ಲ, ಮೈಯಲ್ಲಿ ಹುಡುಕಿ. ದೊಡ್ಡ ಬಂಡೆ, ನಡುವೆ ಪೊದೆ, ಹತ್ತಿರದಲ್ಲಿ ಹಣ್ಣು ಬಿಟ್ಟ ಅತ್ತಿ, ಬಸರಿ ಅಥವಾ ಲಂಟಾನ. ಮೂರೂ ಸೇರಿದ ಜಾಗ ಅದಕ್ಕೆ ಇಷ್ಟ. ಬಿಸಿಲು ಬಂಡೆಗೆ ತಾಗಿದ ಮೊದಲ ಒಂದು ಗಂಟೆ ಬಂಡೆಯ ನೆತ್ತಿಗೆ, ಪೊದೆಯ ತುದಿಗೆ ಬಂದು ಕೂರುತ್ತದೆ. ಆಮೇಲೆ ಒಳಗೆ ಸೇರಿಬಿಡುತ್ತದೆ. ತಲೆ, ಕೊರಳು ಹಳದಿ, ಮೈ ಬೂದು, ಬಾಲದ ತುದಿ ಬೆಳ್ಳಗೆ. ಅದೇ ಜಾಗದಲ್ಲಿ ಬಿಳಿ ಹುಬ್ಬಿನ ಪಿಕಳಾರವೂ ಇರುತ್ತದೆ, ಅದರ ತಲೆ ಹಳದಿಯಲ್ಲ. ಹಳದಿ ಕೊರಳಿನದು ಬಹಳ ನಾಚಿಕೆಯ ಹಕ್ಕಿ. ರಸ್ತೆ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಸುರಕ್ಷಿತವಾಗಿ ನಿಲ್ಲಿಸಿ, ಒಳಗೇ ಕೂತು, ರಾಗಿ ಚೀಲ ಕಿಟಕಿ ಮೇಲಿಟ್ಟು ಕಾಯೋದು ಒಳ್ಳೆ ದಾರಿ. ಗಾಡಿಗೆ ಅದು ಅಷ್ಟು ಹೆದರುವುದಿಲ್ಲ. ಸಿಕ್ಕರೆ ಹತ್ತು ಫೋಟೊ ತೆಗೆದು ಹೊರಟುಬಿಡಿ.

ಬಿಸಿಲೇರಿದ ಮೇಲೆ ಕೆಳಗೆ

ಹತ್ತೂವರೆ ಆದರೆ ಮೇಲೆ ಗದ್ದಲ, ಬೆಳಕೂ ಗಡುಸು. ಕೆಳಗಿಳಿದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನೋಡಿ, ಊಟ ಮಾಡಿ. ಈ ಕಾಲದಲ್ಲಿ ಯಾರಾದರೂ ಹಿತಕಿದ ಬೇಳೆ ಸಾರು, ಮುದ್ದೆ ಇಟ್ಟರೆ ಬೇಡ ಅನ್ನಬೇಡಿ. ನಾಲ್ಕು ಗಂಟೆಗೆ ಕುಯ್ದ ರಾಗಿ ಹೊಲಗಳ ಕಡೆ ಹೊರಡಿ. ಕೂಳೆಯ ನಡುವೆ ನೆಲಗುಬ್ಬಿ, ಅದರ ಹಾಗೇ ಕಾಣುವ ಪಿಪಿಟ್. ಬಣವೆ ಮೇಲೆ, ಬೇಲಿಗೂಟದ ಮೇಲೆ ಕಳಿಂಗ ಹಕ್ಕಿ (ಶ್ರೈಕ್). ಕೆರೆ ಅಂಚಿನ ಜೊಂಡಲ್ಲಿ ನೀಲಿ ಕೊರಳಿನ ಬ್ಲೂಥ್ರೋಟ್ ಇರಬಹುದು, ನೀರಿನ ಪಕ್ಕ ಬಾಲ ಕುಣಿಸುವ ಹಳದಿ ಸಿಪಿಲೆಗಳು ಇದ್ದೇ ಇರುತ್ತವೆ. ಹೊಲದವರನ್ನು ಕೇಳಿ ಒಳಗೆ ಹೋಗಿ. ಅವರಿಗೆ ಗೊತ್ತಿರುವಷ್ಟು ಹಕ್ಕಿ ವಿಳಾಸ ಯಾವ ಆ್ಯಪ್‌ಗೂ ಗೊತ್ತಿಲ್ಲ. ನೆಲಗುಬ್ಬಿಯ ಹುಚ್ಚು ಹಿಡಿದರೆ ಇನ್ನೊಂದು ದಿನ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ ಹೋಗಿ, ಅಲ್ಲಿ ಕೃಷ್ಣಮೃಗವೂ ಸಿಗುತ್ತದೆ.

ಇವನ್ನು ಮಾತ್ರ ಮಾಡಬೇಡಿ

ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಇದರ ಬಗ್ಗೆ ನನಗೆ ಕೋಪವೇ ಇದೆ. ಆ ಪೊದೆಯನ್ನು ಹಿಡಿದುಕೊಂಡು ಚಳಿಗಾಲ ದಾಟಬೇಕು ಅಂತ ಕೂತ ಹಕ್ಕಿಗೆ ಯಾರೋ ತನ್ನ ಜಾಗ ಕಸಿಯೋಕೆ ಬಂದ ಹಾಗೆ ಕೇಳಿಸುತ್ತದೆ. ಮೇಯೋದು ಬಿಟ್ಟು ಅದು ಜಗಳಕ್ಕೆ ಬರುತ್ತದೆ. ಹತ್ತು, ಹದಿನೈದು ಗ್ರಾಂ ತೂಗುವ ಜೀವಕ್ಕೆ ಒಂದು ಬೆಳಗಿನ ಹೊಟ್ಟೆ ತಪ್ಪಿದರೆ ಅದು ಸಣ್ಣ ವಿಷಯ ಅಲ್ಲ. ಹುಳ ಹಾಕಿ ಕರೆಯೋದೂ ಬೇಡ, ಫ್ಲಾಶ್ ಬೇಡ, ಚೆನ್ನಾಗಿ ಕಾಣಲಿ ಅಂತ ಕೊಂಬೆ ಮುರಿಯೋದು ಬೇಡ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ, ರಸ್ತೆಯಿಂದಲೇ ಬೇಕಾದಷ್ಟು ಕಾಣುತ್ತದೆ. ಹಕ್ಕಿ ಒಂದೇ ಸಮನೆ ಗಾಬರಿಯ ಕೂಗು ಹಾಕುತ್ತಿದ್ದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಹಿಂದೆ ಸರಿಯಿರಿ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಫೋಟೊ ಕಂಪ್ಯೂಟರ್‌ಗೆ ಹಾಕಿ. ಕಣ್ಣು ಚೂಪಾಗಿರುವವನ್ನು ಉಳಿಸಿ, ಮಿಕ್ಕಿದ್ದನ್ನು ಅಳಿಸಿ. ಒಂದು ಹಕ್ಕಿಗೆ ಮೂರು ಫೋಟೊ ಸಾಕು. ಬಣ್ಣ ಜಾಸ್ತಿ ಏರಿಸಬೇಡಿ, ವರ್ಡಿಟರ್‌ನ ನೀಲಿ ಇದ್ದ ಹಾಗೇ ಚಂದ. ಕಂಡ ಹಕ್ಕಿಗಳ ಪಟ್ಟಿ ಇ-ಬರ್ಡ್‌ಗೆ ಸೇರಿಸಿ, ಫೋಟೊ ಸರಿಬರದ ಹಕ್ಕಿಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಪುಸ್ತಕ ತೆಗೆದು ಬೆಳಗಿನ ಗುರುತುಗಳನ್ನು ಒಂದು ಸಣ್ಣ ನಕ್ಷೆಯಾಗಿ ಬರೆದುಕೊಳ್ಳಿ. ಯಾವ ಮರ, ಯಾವ ಕೂಗು, ಎಷ್ಟು ಗಂಟೆ. ಮೂರು ವಾರ ಬಿಟ್ಟು ಅದೇ ನಕ್ಷೆ ಹಿಡಿದು ಮತ್ತೆ ಹೋಗಿ, ಎಷ್ಟು ಮರದಲ್ಲಿ ಅದೇ ಕೂಗು ಕೇಳುತ್ತದೆ ನೋಡಿ. ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಇನ್ನೆರಡು ಸಲ ಹೋಗಿ. ಕಲ್ಲುಬೆಂಚಿನ ಪಕ್ಕದ ಮರ ಸುಮ್ಮನಾಗಿದ್ದ ದಿನ ತಾರೀಕು ಬರೆದಿಡಿ. ಸೆಪ್ಟೆಂಬರ್ ಕೊನೆಯಿಂದ ವಾರಕ್ಕೊಂದು ಸಲ ಅದೇ ಬೆಂಚಿನ ಮೇಲೆ ಕೂತು 'ಚಿಸ್-ವೀ' ಕೇಳುತ್ತದಾ ಅಂತ ನೋಡಿ.